ಮೊದಲೇ ತೊಳೆದ ಕೈ

ಇದು ಊರಿಗೊಂದು ಆಸ್ಪತ್ರೆ ಇಲ್ಲದ ಕಾಲದ ಮಾತು. ಹೆರಿಗೆ ನೋವು ಬಂತೆಂದರೆ ಎಲ್ಲರೂ ಓಡುತ್ತಿದ್ದದ್ದು ಸೂಲಗಿತ್ತಿ ದೊಡ್ಡಮ್ಮನ ಮನೆಗೇ. ಆಕೆಯ ಕೈಗುಣ ಒಳ್ಳೆಯದು ಎಂದು ಬೀದಿಗೆ ಬೀದಿಯೇ ನಂಬಿತ್ತು. ಆದರೂ ಕೆಲವು ಕೂಸುಗಳು ಹುಟ್ಟಿದ ವಾರದೊಳಗೆ ದವಡೆ ಕಚ್ಚಿ, ಹಾಲು ಬಿಟ್ಟು, ಮೈ ಸೆಟೆದು ಸಾಯುತ್ತಿದ್ದವು. ಹಣೆಬರಹ ಎಂದು ಜನ ಸುಮ್ಮನಾಗುತ್ತಿದ್ದರು. ದೊಡ್ಡಮ್ಮನ ಸ್ವಂತ ಮೊಮ್ಮಗನೂ ಹಾಗೇ ಹೋಗಿದ್ದ. ಈಗ ಮಗಳು ಮತ್ತೆ ಬಸುರಿ. ಈ ಕೂಸಾದರೂ ಉಳಿಯಲಿ ಎನ್ನುವುದೊಂದೇ ಆಕೆಯ ಆಸೆ.

ಒಂದು ದಿನ ಹೊಸ ನರ್ಸಮ್ಮ ಸೈಕಲ್ ತುಳಿದುಕೊಂಡು ಬಂದಳು. ಮಗಳಿಗೆ ಧನುರ್ವಾಯುವಿನ ಚುಚ್ಚುಮದ್ದು ಹಾಕಿ, ಹೋದ ಕೂಸಿನ ಸಂಗತಿ ಅವಳಿಂದ ಕೇಳಿ ತಿಳಿದು, ದೊಡ್ಡಮ್ಮನ ಪಕ್ಕ ಜಗಲಿಯ ಮೇಲೆ ಕೂತಳು.

"ದೊಡ್ಡಮ್ಮ, ಹೆರಿಗೆ ಮಾಡಿಸೋವಾಗ ಕೈ ತೊಳೀತೀರಾ?"

"ತೊಳೀದೆ ಇರ್ತೀನಾ? ಎಲ್ಲ ಮುಗಿದ ಮೇಲೆ ಮೂರು ಸಲ ತೊಳೀತೀನಿ."

"ಮೊದಲು?"

ದೊಡ್ಡಮ್ಮನಿಗೆ ನಗು ಬಂತು. "ಅಲ್ಲ ಕಣಮ್ಮ, ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನೀನು ಕೆಸರಾಗೋಕೆ ಮೊದಲೇ ತೊಳಿ ಅಂತೀಯಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಆಕೆ. ನರ್ಸಮ್ಮ ವಾದಕ್ಕಿಳಿಯಲಿಲ್ಲ.

"ನಿನ್ನೆ ಹಾಲಿನ ಪಾತ್ರೇನ ತೊಳೀದೆ, ಬರೀ ಒರೆಸಿ ಇವತ್ತಿನ ಹಾಲು ಕಾಯಿಸಿದ್ರೆ ಏನಾಗುತ್ತೆ?"

"ಒಡೆದು ಹೋಗುತ್ತೆ."

"ಪಾತ್ರೆಯೊಳಗೆ ಏನಾದ್ರೂ ಕಾಣ್ಸುತ್ತಾ?"

"ಇಲ್ಲ."

"ಸರಿ. ಮೊದಲ ಮೊಮ್ಮಗ ಹುಟ್ಟಿದ ದಿನ, ನೋವು ಬಂತು ಅಂತ ಕರೆದಾಗ ನೀವೇನು ಮಾಡ್ತಿದ್ರಿ?"

"ಕೊಟ್ಟಿಗೇಲಿ ಸಗಣಿ ಬಾಚ್ತಿದ್ದೆ. ಕೈನ ಬಟ್ಟೆಗೆ ಒರೆಸ್ಕೊಂಡು ಓಡಿದೆ. ಮೂಲೇಲಿದ್ದ ಕುಡುಗೋಲಲ್ಲೇ ಹೊಕ್ಕುಳಬಳ್ಳಿ..."

ದೊಡ್ಡಮ್ಮ ತನ್ನ ಕೈಗಳನ್ನೇ ನೋಡಿಕೊಂಡಳು.

"ಸಗಣಿ, ಮಣ್ಣಲ್ಲಿ ಕಣ್ಣಿಗೆ ಕಾಣದ ಧನುರ್ವಾಯು ಕ್ರಿಮಿ ಇರುತ್ತೆ ದೊಡ್ಡಮ್ಮ," ಎಂದಳು ನರ್ಸಮ್ಮ ಮೆಲ್ಲಗೆ. "ಹೊಕ್ಕುಳಿನ ಹಸಿ ಗಾಯದಿಂದ ಒಳಗೆ ಹೋಗುತ್ತೆ. ಇದನ್ನ ನಿಮಗೆ ಯಾರೂ ಹೇಳಿರಲಿಲ್ಲ."

ಒಳಗಿದ್ದ ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ದೊಡ್ಡಮ್ಮನಿಗೆ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ಮಗಳೇ ಎದ್ದು ಬಂದು ತಾಯಿಯ ಪಕ್ಕ ಕೂತಳು.

"ಅಮ್ಮ, ಈ ಸಲಾನೂ ನೀನೇ ಮಾಡಿಸಬೇಕು. ಕೈ ತೊಳ್ಕೊಂಡು ಮಾಡಿಸು."

ದಿನ ತುಂಬಿತು. ಮಗಳು ನೋವಿಗೆ ಕೂಗಿಕೊಂಡರೂ ದೊಡ್ಡಮ್ಮ ಗಡಿಬಿಡಿ ಮಾಡಲಿಲ್ಲ. ನರ್ಸಮ್ಮ ಹೇಳಿಕೊಟ್ಟಂತೆ ಉಗುರು ಮೊದಲೇ ಕತ್ತರಿಸಿದ್ದಳು. ಹೊಸ ಬ್ಲೇಡು, ದಾರ ಎರಡನ್ನೂ ಕುದಿಸಿದಳು. ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು. ಬಳ್ಳಿ ಕೊಯ್ದ ಮೇಲೆ ಕೂಸಿನ ಹೊಕ್ಕುಳಿಗೆ ಬೂದಿ, ಎಣ್ಣೆ ಏನನ್ನೂ ಸವರಲಿಲ್ಲ. ನರ್ಸಮ್ಮ ಬರುವ ಹೊತ್ತಿಗೆ ಹೆಣ್ಣುಕೂಸು ಮನೆಯ ಸೂರು ಹಾರಿಹೋಗುವಂತೆ ಅಳುತ್ತಿತ್ತು.

ಎರಡು ವಾರ ದೊಡ್ಡಮ್ಮ ಕೂಸಿನ ಬಾಯಿಯನ್ನೇ ನೋಡುತ್ತ ಕೂತಳು. ಹದಿನೈದನೆಯ ದಿನವೂ ಅದು ಚಪ್ಪರಿಸಿ ಹಾಲು ಕುಡಿಯಿತು. ಆಗ ಆಕೆ ಅತ್ತಳು, ಇದ್ದ ಕೂಸಿಗಾಗಿಯೂ, ಹೋದ ಕೂಸಿಗಾಗಿಯೂ.

ಅಕ್ಕಂದಿರೇ, ಅಣ್ಣಂದಿರೇ, ಈಗ ಹೆರಿಗೆಗೆ ಆಸ್ಪತ್ರೆ ಇದೆ, ಅಲ್ಲಿಗೇ ಹೋಗಿ. ಬಸುರಿಯರ ಚುಚ್ಚುಮದ್ದು ತಪ್ಪಿಸಬೇಡಿ. ಮನೆಗೆ ಬಂದ ಕೂಸನ್ನು ಎತ್ತಿಕೊಳ್ಳುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಕೈ ಚೊಕ್ಕವಾಗೇ ಕಾಣುತ್ತಿದೆಯಲ್ಲ ಎನ್ನಬೇಡಿ. ಒರೆಸಿಕೊಂಡ ಮೇಲೆ ದೊಡ್ಡಮ್ಮನ ಕೈಯೂ ಹಾಗೇ ಕಾಣುತ್ತಿತ್ತು.