ಹಾಲು ಕೆಟ್ಟಿದೆ ಎಂದವರು ಯಾರು

ಮಲ್ಲಿಗೆ ಕೊಳೆತರೆ ಇಂಥ ವಾಸನೆ ಬರುತ್ತದೆಂದು ಗೊತ್ತಿರಲಿಲ್ಲ, ದವಾಖಾನೆಯ ಫಿನಾಯಿಲನ್ನೂ ಮೀರಿ ನನ್ನ ಕುಪ್ಪಸದೊಳಗಿಂದ ಏಳುತ್ತಿದೆ, ಪಕ್ಕದ ಮಂಚದ ಆಶಾಬಿ, ತಿಕೋಟಾದವಳು, ಮೂಗರಳಿಸಿ ನೋಡಿದಳು, ಏನ ಬೇ ತಂಗಿ, ಕೂಸು ಜಡ್ಡ ಬಿದ್ದದ, ನೀ ಮದಲಗಿತ್ತಿ ಹಂಗ ಘಮಘಮಾ ಅನ್ನಾಕತ್ತಿ — ಸೆರಗು ಇನ್ನೊಂದು ಸುತ್ತು ಎಳೆದುಕೊಂಡೆ, ಮುಡಿದ ಹೂವಲ್ಲ ಇದು, ಕಟ್ಟಿದ ಹೂವು, ಎದೆಯ ಮೇಲೆ ಮಲ್ಲಿಗೆ ಹರಡಿ ಹಳೆ ಧೋತರದ ಪಟ್ಟಿ ಬಿಗಿದದ್ದು, ಹಾಲು ಬತ್ತಲೆಂದು, ಬತ್ತುತ್ತಿಲ್ಲ, ಆಶಾಬಿಯ ಕೂಸು ಕುಂಯ್ ಅಂದರೂ ನನ್ನ ಎದೆ ಚುರ್ ಅನ್ನುತ್ತದೆ, ಪಟ್ಟಿ ಒದ್ದೆ, ಕುಪ್ಪಸ ಒದ್ದೆ, ಯಾರದೋ ಕೂಸಿಗೆ ಇಳಿಯುವ ಹಾಲು, ನನ್ನದಂತೂ ಅಳುವುದನ್ನೇ ಬಿಟ್ಟಿದೆ, ನೆತ್ತಿ ತಗ್ಗು ಬಿದ್ದಿದೆ, ಕಣ್ಣು ಅರ್ಧ ತೆರೆದಿದೆ, ಬಬಲೇಶ್ವರದಿಂದ ಬಸ್ಸಿನಲ್ಲಿ ಬರುವಾಗಲೇ ನನ್ನ ಮಡಿಲಲ್ಲಿ ನೀರಿನಂತೆ ಭೇದಿ, ಪಕ್ಕದಲ್ಲಿ ಕೂತವರು ಸರಿದು ಕೂತರು. ಡಾಕ್ಟರಬಾಯಿ ಅದರ ಹೊಟ್ಟೆಯ ತೊಗಲು ಎತ್ತಿ ಬಿಟ್ಟರು, ಮಡಿಕೆ ಹಾಗೇ ನಿಂತಿತು, ಏನ ಕುಡಸ್ತಿ? ಡಬ್ಬಿ ಹಾಲ್ರಿ. ಶೀಶೆ ತಾ ಇಲ್ಲಿ. ಮೂಸಿದರು, ರಬ್ಬರಿನ ತೊಟ್ಟು ತಿರುವಿದರು, ಒಳಗೆ ಹಳದಿ ಲೋಳೆ, ನಾನೇ ತೊಳೆದಿದ್ದೆ, ಬಾವಿ ನೀರಲ್ಲಿ, ಶೀಶೆಯನ್ನು ಮಂಚದ ಕೆಳಗಿನ ಕಸದ ತೊಟ್ಟಿಗೆ ಹಾಕಿಬಿಟ್ಟರು, ಆಮೇಲೆ ಅವರ ಕಣ್ಣು ನನ್ನ ಕುಪ್ಪಸದ ಮೇಲೆ ನಿಂತಿತು, ನಿನಗ ಹಾಲ ಬರತಾವಲ್ಲ? ಬರತಾವ್ರಿ, ಖರೆ ನನ್ನ ಹಾಲು ಕೆಟ್ಟಾವ್ರಿ. ಯಾರ ಹೇಳ್ಯಾರ? ನಾನು ಕೂಸಿನ ಬಟ್ಟೆ ಸರಿಪಡಿಸಿದೆ. ಸಾಲಿ ಕಲತೀ ಏನು? ಮ್ಯಾಟ್ರಿಕ್ ಪಾಸಾಗೇನ್ರಿ. ಅವರು ಕನ್ನಡಕ ತೆಗೆದು ಒರೆಸಿದರು, ತಾಯಿ ಹಾಲಿನಾಗ ಜಡ್ಡ ತಡಿಯೂ ತಾಕತ್ತ ಇರತದ, ಡಬ್ಬ್ಯಾಗ ಇರೂದಿಲ್ಲ, ಕುಡಿಸಿದ್ರ ನಿನಗೂ ಚಲೋ, ಗರ್ಭಚೀಲ ಕುಗ್ಗತದ, ಹೋಗೂ ರಕ್ತ ನಿಲ್ಲತದ — ನನಗಿನ್ನೂ ನಿಂತಿಲ್ಲವೆಂದು ಇವರಿಗೆ ಹೇಗೆ ತಿಳಿಯಿತು — ನಾ ಸಲಾಯಿನ್ ತರಸ್ತೀನಿ, ಅಷ್ಟರಾಗ ಆ ಪಟ್ಟಿ ಬಿಚ್ಚಿ ಕೂಸಿನ್ನ ಎದಿಗಿ ಹಚ್ಚು, ಮತ್ತ ಬಂದಾಗ ಹೇಳು, ಹಾಲು ಕೆಟ್ಟಾವಂತ ಹೇಳಿದ ಡಾಕ್ಟರ ಯಾರು, ಅಂವನ್ನ ನಾ ನೋಡಬೇಕಾಗೇದ.

ಡಾಕ್ಟರ ಅಂತೆ. ಪಟ್ಟಿಯ ಗಂಟಿನ ಮೇಲೆ ಬೆರಳಿದೆ, ಬಿಚ್ಚುವುದಿಲ್ಲ, ಮೊದಲನೆಯದು ಹೀಗೇ ಎದೆಯಲ್ಲಿ ಬಾಯಿಟ್ಟುಕೊಂಡೇ ಹೋಯಿತು, ಹೆಣ್ಣು, ಹೆಸರಿಟ್ಟ ವಾರಕ್ಕೇ, ಕುಡಿಯುತ್ತಿದೆ ಅಂದುಕೊಂಡೇ ನಾನು ಕೂತಿದ್ದೆ, ತುಟಿ ತಣ್ಣಗಾದದ್ದು ನನ್ನ ಚರ್ಮಕ್ಕೆ ಮೊದಲು ಗೊತ್ತಾಯಿತು. ಈ ಎರಡನೆಯದು ಹಾಲು ಕಕ್ಕಿದ ದಿನ ಅತ್ತಿ ಮುರಿಗೆವ್ವ ಬಾಗಿಲಲ್ಲಿ ನಿಂತು, ಬೈಯದೆ, ಅಂಜುತ್ತಲೇ, ಒಮ್ಮಿ ಇರವಿ ಬಿಟ್ಟ ನೋಡೂಣೇನ ಬೇ, ನಮ್ಮವ್ವ ನೋಡತಿದ್ದಳು, ಹಾಲಿನಾಗ ಇರವಿ ಬದುಕಿದ್ರ ಕೂಸೂ ಬದುಕತದ. ನಮ್ಮ ಮನೆಯವರು ಕೇಳಿ ನಕ್ಕಾರೆಂದು ಕಾದೆ, ನಗಲಿಲ್ಲ, ನೀ ಕಲತಾಕಿ, ನಿನಗ ಹೆಂಗ ತಿಳೀತದ ಹಂಗ ಮಾಡು ಅಂದು ಸೊಲ್ಲಾಪುರ ರಸ್ತೆಯ ತಮ್ಮ ಅಂಗಡಿಗೆ ಹೋದರು. ಕಲಿತವಳು. ಹಾಸ್ಟೆಲಿನಲ್ಲಿ ದೆವ್ವ ಇಲ್ಲವೆಂದು ಎಲ್ಲ ಹುಡುಗಿಯರೊಂದಿಗೆ ವಾದಿಸಿ ಗೆದ್ದವಳು, ಬಟ್ಟಲು ತಂದವಳು ನಾನೇ, ಹಿಂಡಿದವಳು ನಾನೇ, ಬೆಲ್ಲದ ಗಡಿಗೆಯ ಸಾಲಿನಿಂದ ಕರಿ ಇರುವೆಯನ್ನು ಚಿಟಿಕೆಯಲ್ಲಿ ಎತ್ತಿ ಬಿಟ್ಟವಳೂ ನಾನೇ, ಅತ್ತಿ ಹಿಂದೆ ಸರಿದಳು, ನಾನು ಬಗ್ಗಿ ನೋಡಿದೆ. ಇರುವೆ ಕಾಲು ಬಡಿಯಿತು, ತಿರುಗಿತು, ಕಾಲು ಬಡಿಯಿತು, ನಿಂತಿತು. ಅತ್ತಿ ಬಾಯಿಗೆ ಸೆರಗು ಒತ್ತಿಕೊಂಡು, ನಿನ್ನ ತಪ್ಪಲ್ಲವ್ವ, ಹಾಲಿನ ಗುಣ ಅದು ಅಂದಳು, ಆಗ ನನಗಾದದ್ದು ದುಃಖವಲ್ಲ, ಹಾಯೆನಿಸಿತು, ಹೆಣ್ಣುಕೂಸು ಯಾಕೆ ಹೋಯಿತು ಯಾಕೆ ಹೋಯಿತು ಎಂದು ಇಷ್ಟು ದಿನ ಕೇಳಿಕೊಳ್ಳುತ್ತಿದ್ದದ್ದಕ್ಕೆ ಉತ್ತರ ಸಿಕ್ಕಿತು, ಇದಕ್ಕೇ ಹೋಯಿತು, ಅದಕ್ಕೇ ಆ ಬಟ್ಟಲನ್ನು ನಂಬಿದೆ, ಯಾರೂ ನಂಬಿಸಲಿಲ್ಲ.

ತಾ ಇಲ್ಲಿ, ನಾ ಕುಡಸ್ತೀನಿ, ಆಶಾಬಿ ಕೈ ಚಾಚಿದ್ದಾಳೆ, ಅಲ್ಲಾ ಎರಡ ಕೊಟ್ಟಾನ, ಒಂದು ನನ್ನ ಮಗಗ ಒಂದು ನಿನ್ನ ಮಗಗ, ಬಾಡಿಗಿ ಕೇಳೂದಿಲ್ಲ ಏಳು, ಅವಳ ಕೂಸು ಕುಡಿಯುತ್ತಾ ನಿದ್ದೆಹೋಗಿದೆ, ಗಲ್ಲದಲ್ಲಿ ಗುಳಿ, ನನ್ನದನ್ನು ಕೊಟ್ಟುಬಿಡಲೆ, ಕೊಟ್ಟರೆ ನನ್ನದು ವಿಷವೆಂದು ಇಡೀ ವಾರ್ಡಿಗೆ ಸಾರಿದಂತೆ, ಕೊಡದಿದ್ದರೆ — ಡಾಕ್ಟರಬಾಯಿ ಬರುತ್ತಾರೆ, ಏನು ಹೇಳಲಿ, ಅತ್ತಿಯ ಹೆಸರೆ, ಹಳ್ಳಿಯ ಮುದುಕಿ ಅಂದರೆ ಮುಗಿಯಿತು, ಎಲ್ಲರೂ ನಂಬುತ್ತಾರೆ, ಅವಳೇನು ಬಂದು ಅಲ್ಲವೆಂದಾಳೆ, ಅಥವಾ ಯಾವುದೋ ಡಾಕ್ಟರು, ಸತ್ತ ಡಾಕ್ಟರು, ಊರು ಬಿಟ್ಟ ಡಾಕ್ಟರು — ಇರುವೆ ನೀರಲ್ಲಿ ಬಿದ್ದರೂ ಸಾಯುತ್ತದೆ. ಎಲ್ಲಿಂದ ಬಂತು ಈ ಮಾತು, ಈಗ ಬಂತು, ಅಂದು ಬಟ್ಟಲ ಮುಂದೆ ಕೂತಾಗ ಬರಲಿಲ್ಲ, ನೀರಲ್ಲಿ ಬಿದ್ದರೂ ಸಾಯುತ್ತದೆ, ಮಜ್ಜಿಗೆಯಲ್ಲಿ, ಎಮ್ಮೆ ಹಾಲಲ್ಲಿ, ಆಶಾಬಿಯ ಹಾಲಲ್ಲಿ, ಬಾವಿಯಲ್ಲಿ ತೇಲುವ ಸತ್ತ ಇರುವೆಗಳನ್ನು ದಿನವೂ ಸೋಸಿ ಕುಡಿದಿದ್ದೇನೆ, ಯಾರ ಬಾವಿಗೂ ವಿಷವೆಂದಿಲ್ಲ, ಹಾಗಾದರೆ ಹೆಣ್ಣುಕೂಸು ಯಾಕೆ ಹೋಯಿತು, ಹಾಗಾದರೆ ಇದು ಯಾಕೆ ಹೋಗುತ್ತಿದೆ, ಇದಕ್ಕೆ ಉತ್ತರವಿದೆ, ಮಂಚದ ಕೆಳಗೆ ತೊಟ್ಟಿಯಲ್ಲಿ, ಆ ಶೀಶೆಯಲ್ಲಿದೆ.

ಇನ್ನೂ ಬಿಚ್ಚಿಲ್ಲ? ಡಾಕ್ಟರಬಾಯಿ, ಹಿಂದೆ ನರ್ಸು, ಯಾರಂವ, ಹೇಳು. ಇರವಿ ಹೇಳೇದ್ರಿ, ಬಾಯಾರ. ಏನಂದಿ? ಇರವಿ ಬಿಟ್ಟ ನೋಡಿದೆ, ಬಟ್ಟಲದಾಗ, ಸತ್ತಿತು, ನಾನ ಬಿಟ್ಟೆ, ನಾನ ನೋಡಿದೆ. ಆಶಾಬಿಗೆ ನಗು ಬಂತು, ಅರ್ಧಕ್ಕೆ ನುಂಗಿದಳು, ಡಾಕ್ಟರಬಾಯಿ ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ, ನರ್ಸಿನ ಕೈಯಿಂದ ಕತ್ತರಿ ತೆಗೆದುಕೊಂಡರು, ಪಟ್ಟಿ ಹರಿಯಿತು, ಕಂದು ಹೂವು ಮಡಿಲಿಗೆ ಉದುರಿತು, ಎಲ್ಲರೂ ನೋಡುತ್ತಿದ್ದಾರೆ, ನೋಡಲಿ, ಕೂಸಿನ ಬಾಯಿ ಎದೆಗೆ ತಾಗಿದೆ, ತೆರೆಯುವುದಿಲ್ಲ, ತ್ರಾಣ ಇಲ್ಲ ಅದಕ, ಡಾಕ್ಟರಬಾಯಿ ಅಂದರು, ನೀ ಹಿಂಡು, ತುಟಿ ಮ್ಯಾಲ ಬಿಡು, ಹಿಂಡಿದೆ, ಅಂದು ಹಿಂಡಿದ ಹಾಗೇ, ತುಟಿಗಳ ನಡುವೆ ಬಿಳಿ ಹಾಲು ನಿಂತಿತು, ಬಟ್ಟಲಷ್ಟೇ ಸ್ತಬ್ಧ, ಅದರೊಳಗೆ ನಾಲಿಗೆಯ ತುದಿ, ಕಾಳಿನಷ್ಟು, ಅಲುಗಿತು, ನಿಂತಿತು, ಅಂದಿನ ಇರುವೆಯ ಹಾಗೇ ಕಾಲು ಬಡಿಯಿತು, ನಿಂತಿತು, ಬಿಳಿ ಹಾಲಿನಲ್ಲಿ ಸಣ್ಣದೊಂದು ಜೀವ, ಅಲುಗಿತು —