ಸಾಂಬಾವಾದಿಂದ ಒಂದೂವರೆ ಗಂಟೆ

ಸಾಂಬಾವಾದಿಂದ ಫಿಯಾನಾರಂತ್ಸುವಕ್ಕೆ ಎಂಟುನೂರ ಅರವತ್ತು ಕಿಲೋಮೀಟರ್, ವಿಮಾನದಲ್ಲಿ ಒಂದೂವರೆ ಗಂಟೆ. ಸಾಹುಲಿ ಕೆಲಸಕ್ಕಿದ್ದದ್ದು ಸಾಂಬಾವಾದಲ್ಲಿ, ಗಂಡನ ಮನೆಯಿದ್ದದ್ದು ಫಿಯಾನಾರಂತ್ಸುವದಲ್ಲಿ. ಈ ಲೆಕ್ಕವನ್ನು ಮೊಬೈಲಿನಲ್ಲಿ ಪತ್ತೆಹಚ್ಚಿದವನು ಅವಳ ಮೈದುನ ಫಾಲಿ. ಆ ಎರಡು ಊರುಗಳ ನಡುವೆ ನೇರ ವಿಮಾನವೇ ಇಲ್ಲ ಎಂಬ ಸಣ್ಣ ಸಂಗತಿಯನ್ನು ಮೊಬೈಲು ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಗಳಿಗೆ ನೋಡುವ ಅಜ್ಜನ ಮುಂದೆ ಕೂತು ಫಾಲಿ ಈ ಒಂದೂವರೆ ಗಂಟೆಯನ್ನು ಭಕ್ತಿಯಿಂದ ಒಪ್ಪಿಸಿದ. ಅಜ್ಜ ಅದನ್ನೂ ಗ್ರಹಗತಿಯಲ್ಲಿ ಸೇರಿಸಿ ಶನಿವಾರ ಮಧ್ಯಾಹ್ನ ಗೋರಿ ತೆರೆಯಬೇಕು, ಹೊತ್ತು ಮುಳುಗುವ ಮೊದಲು ಮುಚ್ಚಬೇಕು ಎಂದು ಗಳಿಗೆ ಕೊಟ್ಟ.

ಮನೆತನದ ಗೋರಿ ತೆರೆಯುವುದು ಏಳು ವರ್ಷಕ್ಕೊಮ್ಮೆ. ಸತ್ತವರನ್ನು ಹೊರತಂದು, ಮಡಿಲಲ್ಲಿಟ್ಟುಕೊಂಡು, ಹೊಸ ರೇಷ್ಮೆ ಸುತ್ತಿ, ಊರ ಸುದ್ದಿಯೆಲ್ಲ ಹೇಳಿ, ಕುಣಿದು ಮತ್ತೆ ಮಲಗಿಸಬೇಕು. ಸಾಹುಲಿಯ ಗಂಡ ತುವು ತೀರಿಕೊಂಡು ಅದರೊಳಗೆ ಹೋಗಿ ನಾಲ್ಕು ವರ್ಷವಾಗಿತ್ತು. ಅವನಿಗೆಂದು ಕೊಂಡ ರೇಷ್ಮೆ ಸಾಹುಲಿಯ ಚೀಲದಲ್ಲಿತ್ತು. ಈ ಸಲ ತಪ್ಪಿದರೆ ಇನ್ನು ಏಳು ವರ್ಷ.

“ಶುಕ್ರವಾರವೇ ಯಾಕೆ ಹೊರಡ್ತೀರಿ ಅತ್ತಿಗೆ?” ಎಂದಿದ್ದ ಫಾಲಿ. “ಒಂದೂವರೆ ಗಂಟೆ ದಾರಿಗೆ ಒಂದಿನ ರಜಾ ದಂಡ.”

ಶುಕ್ರವಾರದ ವಿಮಾನ ಶನಿವಾರ ಹಾರಿತು. ತಡವಾದದ್ದಕ್ಕೆ ಒಂದು ಪೊಟ್ಟಣ ಬಿಸ್ಕತ್ತು ಕೊಟ್ಟರು. ರಾಜಧಾನಿಯಲ್ಲಿ ಇಳಿಯುವಷ್ಟರಲ್ಲಿ ಮುಂದಿನ ವಿಮಾನ ರದ್ದಾಗಿತ್ತು.

“ಮಂಗಳವಾರ ಇನ್ನೊಂದಿದೆ ಅಕ್ಕ,” ಎಂದಳು ಕೌಂಟರಿನ ಹುಡುಗಿ. ಸ್ವಲ್ಪ ಯೋಚಿಸಿ, “ಬಹುಶಃ” ಎಂದು ಸೇರಿಸಿದಳು. ಆ ನಿಲ್ದಾಣದಲ್ಲಿ ಸಾಹುಲಿಗೆ ಸಿಕ್ಕ ನಿಜವಾದ ಮಾಹಿತಿ ಅದೊಂದೇ.

ಫೋನು ಬಂತು. ಹಿಂದೆ ತುತ್ತೂರಿ, ಡೋಲು.

“ಎಲ್ಲಿದೀರಿ ಅತ್ತಿಗೆ? ಗೋರಿ ತೆಗ್ದಾಯ್ತು!”

“ರಾಜಧಾನೀಲಿ.”

“ಅಲ್ಯಾಕೆ ಇಳಿದ್ರಿ?”

“ಹೂವು ಕೀಳೋಣ ಅಂತ.”

ಫಾಲಿಗೆ ಅರ್ಥವಾಗಲಿಲ್ಲ. “ಹೋಗ್ಲಿ ಬಿಡಿ. ಚಿಕ್ಕಪ್ಪನ ಹತ್ರ ಒಂದು ರೇಷ್ಮೆ ಜಾಸ್ತಿ ಇದೆ. ಅದನ್ನೇ ಸುತ್ತಿ ಅಣ್ಣನ್ನ ಮಲಗಿಸ್ಬಿಡ್ತೀವಿ.”

ಸಾಹುಲಿ ಚೀಲವನ್ನು ಅವುಚಿಕೊಂಡಳು.

“ಕೊಡೋ ಇಲ್ಲಿ ಆ ಫೋನನ್ನ!” ಅತ್ತೆಯ ದನಿ. “ಸಾಹುಲಿ, ಅವನು ನನ್ನ ಮಡಿಲಲ್ಲಿದಾನೆ. ನೀನು ಬರೋ ತನಕ ನಾನು ಏಳಲ್ಲ. ಅವನಂತೂ ಏಳಲ್ಲ. ಬಾ.”

ಹಿರಿಯರು ಕೂಗಾಡುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಫಾಲಿಯೇ ಮತ್ತೆ ಫೋನು ಮಾಡಿದ. ಅಮ್ಮನನ್ನು ಎಬ್ಬಿಸಲು ಮೂವರು ಹೋಗಿ ಬೈಸಿಕೊಂಡು ಬಂದರಂತೆ. ಆಮೇಲೆ ಅಜ್ಜ ಆಕಾಶ ನೋಡಿ, ಹೆಣವನ್ನು ರಾತ್ರಿ ಗೋರಿಯ ಹೊರಗೇ ಇಟ್ಟುಕೊಂಡರೆ ಭಾನುವಾರ ಬೆಳಗಿನ ಗಳಿಗೆ ಇನ್ನೂ ಶ್ರೇಷ್ಠ ಎಂದನಂತೆ. ಕೊಬ್ಬಿನ ಮಾಂಸದ ಅನ್ನ ಇನ್ನೊಂದು ಹೊತ್ತು ಸಿಗುತ್ತದೆಂದು ನೆಂಟರೂ ಗ್ರಹಗಳ ಮಾತಿಗೆ ತಲೆಬಾಗಿದರಂತೆ. ವಿಮಾನದವರಿಗಿಂತ ಅಜ್ಜನೇ ವಾಸಿ, ಮುಂದೂಡಿದ್ದಕ್ಕೆ ಒಂದು ಕಾರಣವನ್ನಾದರೂ ಹೇಳಿದ.

ಸಾಹುಲಿ ವ್ಯಾನು ಹತ್ತಿದಳು. ಪಕ್ಕದವಳ ಕಾಲ ಬಳಿ ಎರಡು ಕೋಳಿ, ಮುಂದೆ ನಾನೂರು ಕಿಲೋಮೀಟರ್ ಗುಂಡಿ. ಆದರೆ ಹೊರಡುತ್ತೇನೆ ಎಂದ ವ್ಯಾನು ಹೊರಟಿತು.

ಬೆಳಿಗ್ಗೆ ಅವಳು ಗೋರಿಯ ಅಂಗಳಕ್ಕೆ ಬಂದಾಗ ಅತ್ತೆ ಕೂತಲ್ಲೇ ಇದ್ದರು. ಮಗನನ್ನು ಅವಳ ಮಡಿಲಿಗೆ ದಾಟಿಸಿ, ಜೋಮು ಹಿಡಿದ ಕಾಲು ಚಾಚಿದರು. ಇಬ್ಬರೂ ಸೇರಿ ರೇಷ್ಮೆ ಸುತ್ತಿದರು.

“ಹೇಳಮ್ಮ, ಸುದ್ದಿ ಹೇಳು,” ಎಂದರು ಅತ್ತೆ.

ನಾಲ್ಕು ವರ್ಷದ ಸುದ್ದಿಯಿತ್ತು. ತುತ್ತೂರಿಯವರು ಕಾಯುತ್ತಿದ್ದರು. ಕೊನೆಗೆ ಅವಳು ಬಾಗಿ, ಅವನ ಕಿವಿ ಇರಬೇಕಾದ ಕಡೆ ಮೆಲ್ಲಗೆ ಹೇಳಿದಳು:

“ನಿನ್ನ ತಮ್ಮ ಇನ್ನೂ ಹಾಗೇ ಇದಾನೆ.”