ನಾಲ್ಕೇ ಜನಕ್ಕೆ ತಿಳಿದ ಗುಟ್ಟು

ಆ ಬೀದಿಯಲ್ಲಿ ಯಾರ ಮನೆಯ ಗುಟ್ಟೂ ಮಧ್ಯಾಹ್ನದವರೆಗೆ ಉಳಿದದ್ದಿಲ್ಲ. ಟೈಲರನ ಹೆಂಡತಿಯ ಸ್ಕ್ಯಾನಿಂಗ್ ರಿಪೋರ್ಟು ಬೀದಿಯವರ ಮೊಬೈಲ್ ಗುಂಪಿಗೆ ಬಿದ್ದದ್ದೇ ತಡ, ಸಂಜೆಯೊಳಗೆ ನಲವತ್ತು ಜನ ಡಾಕ್ಟರಾಗಿಬಿಟ್ಟರು. ಪಾಪ, ಆ ಹೆಂಗಸು ಒಂದು ವಾರ ಬಾಗಿಲೇ ತೆರೆಯಲಿಲ್ಲ. ರಿಪೋರ್ಟಿನ ಫೋಟೋ ಹಾಕಿದವರು ಮೂರನೇ ಮನೆಯ ಅತ್ತೆ. ಬೀದಿಯಲ್ಲಿ ಅವರ ಹೆಸರೇ ರೇಡಿಯೋ.

ರೇಡಿಯೋ ಅತ್ತೆಯ ಸೊಸೆಗೆ ಈಗ ಎಂಟು ತಿಂಗಳು. ಎರಡು ದಿನದಿಂದ ತಲೆ ಸಿಡಿಯುತ್ತಿತ್ತು, ಕಣ್ಣ ಮುಂದೆ ಮಿಂಚುಹುಳದಂಥ ಚುಕ್ಕೆಗಳು ಹಾರುತ್ತಿದ್ದವು. ಆದರೂ ಬಾಯಿ ಬಿಟ್ಟಿರಲಿಲ್ಲ. ಹಿಂದಿನ ಸಲ ಬಸುರಿಯಾಗಿ ತವರಿನಲ್ಲಿದ್ದಾಗ ಇದೇ ಚುಕ್ಕೆ ಕಂಡು, ಫಿಟ್ಸ್ ಬಂದು, ಮಗು ಹೊಟ್ಟೆಯಲ್ಲೇ ಹೋಗಿತ್ತು. ಫಿಟ್ಸಿನ ಹುಡುಗಿ ಅಂತ ಹೆಸರು ಅಂಟಿದರೆ ಬದುಕೇ ಕಷ್ಟವೆಂದು ಹೆದರಿ, ಅವಳ ತಾಯಿ ಎಲ್ಲರಿಗೂ ಜಾರಿ ಬಿದ್ದಳೆಂದು ಹೇಳಿದ್ದಳು. ಗಂಡನಿಗೂ ಅಷ್ಟೇ ಗೊತ್ತು.

ಬೆಳಿಗ್ಗೆ, ಬಸುರಿಯರನ್ನು ಮನೆಗೇ ಬಂದು ನೋಡುವ ನರ್ಸಮ್ಮ ಬಂದರು. ಬಿ.ಪಿ. ಪಟ್ಟಿ ಬಿಚ್ಚುವಷ್ಟರಲ್ಲಿ ಅತ್ತೆ ಶುರು ಮಾಡಿದರು.

"ಮೂಲೆಮನೆ ಹುಡುಗಿಗೆ ಅವಳಿ ಅಂತೆ, ಹೌದಾ? ನಿನ್ನ ಫೋನಲ್ಲಿ ಇರುತ್ತಲ್ಲ, ಸ್ವಲ್ಪ ನೋಡು."

"ಅವಳನ್ನೇ ಕೇಳಿ ದೊಡ್ಡಮ್ಮ."

"ನಾನೇನು ಹೊರಗಿನವಳಾ? ನೀನು ಕೆಲಸಕ್ಕೆ ಸೇರಿದಾಗ ಮೊದಲು ಇಂಜೆಕ್ಷನ್ ಹಾಕಿಸಿಕೊಂಡವಳು ನಾನು."

"ಅವತ್ತು ನೀವು ಏನು ಮಾಡಿದ್ರಿ ಅಂತ ಇಲ್ಲಿತನಕ ಯಾರಿಗಾದ್ರೂ ಹೇಳಿದ್ದೀನಾ?"

ಅತ್ತೆಯ ಬಾಯಿ ಥಟ್ಟನೆ ಮುಚ್ಚಿಕೊಂಡಿತು. ಅದನ್ನು ಮುಚ್ಚಿಸಿದವರನ್ನು ಸೊಸೆ ಆ ಮನೆಯಲ್ಲಿ ಕಂಡದ್ದು ಅದೇ ಮೊದಲು. ಅವಳು ನರ್ಸಮ್ಮನನ್ನು ಬೆರಗಿನಿಂದ ನೋಡಿದಳು.

ಬಿ.ಪಿ. ತೀರಾ ಏರಿದ್ದನ್ನು ನೋಡಿದ ನರ್ಸಮ್ಮನ ಮುಖ ಗಂಭೀರವಾಯಿತು. "ದೊಡ್ಡಮ್ಮ, ಐದು ನಿಮಿಷ ಹೊರಗೆ ಕೂತ್ಕೊಳ್ಳಿ," ಎಂದು ಬಾಗಿಲು ಮುಂದೆ ಮಾಡಿ, ಸೊಸೆಯ ಪಕ್ಕ ಕುಳಿತರು. "ಏನೋ ಮನಸ್ಸಲ್ಲೇ ನುಂಗಿಕೊಂಡಿದ್ದೀಯ. ಹೇಳು."

"ಹೇಳಿದ್ರೆ ಫೋನಲ್ಲಿ ಹಾಕ್ತೀರಲ್ಲ, ಸಿಸ್ಟರ್."

"ಹಾಕ್ತೀನಿ. ಆದರೆ ನಿಮ್ಮ ಬೀದಿ ಗುಂಪಿಗಲ್ಲ." ನರ್ಸಮ್ಮ ಫೋನನ್ನು ಅವಳ ಕಡೆ ತಿರುಗಿಸಿದರು. "ಇದು ಆಸ್ಪತ್ರೆಯವರೇ ಕೊಟ್ಟಿರೋ ಬೇರೆ ಆ್ಯಪ್. ನನ್ನ ಬೆರಳು, ನನ್ನ ಗುಪ್ತ ಸಂಖ್ಯೆ ಎರಡೂ ಇಲ್ಲದೆ ತೆರೆಯಲ್ಲ. ನಿನ್ನ ವಿಷಯ ಕಾಣೋದು ನಾಲ್ಕೇ ಜನಕ್ಕೆ. ನಾನು, ಹೆರಿಗೆ ಡಾಕ್ಟ್ರು, ಅರಿವಳಿಕೆ ಡಾಕ್ಟ್ರು, ಮಕ್ಕಳ ಡಾಕ್ಟ್ರು. ಕಳಿಸಿದ್ದನ್ನ ದಾರೀಲಿ ಯಾರಾದ್ರೂ ಕದ್ದರೂ ಅವರಿಗೆ ಒಂದಕ್ಷರ ಅರ್ಥವಾಗಲ್ಲ. ಫೋನೇ ಕಳೆದುಹೋದ್ರೂ ಆಸ್ಪತ್ರೆಯವರು ಅಲ್ಲಿಂದಲೇ ಬೀಗ ಹಾಕ್ತಾರೆ."

ಸೊಸೆ ಬಾಗಿಲ ಕಡೆ ನೋಡಿದಳು. ಹೊಟ್ಟೆಯ ಮೇಲೆ ಕೈಯಿಟ್ಟಳು. ಆಮೇಲೆ ಎಲ್ಲವನ್ನೂ ಹೇಳಿದಳು.

"ಕಳಿಸಲಾ?"

"ಕಳಿಸಿ."

ಅವಳ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಕಷ್ಟಕ್ಕೆ ಸಿಕ್ಕಿದ ರಾಣಿ ಕಿಟಕಿಯಲ್ಲಿ ನಿಂತು ಗಾಳಿಗೆ ಗುಟ್ಟು ಹೇಳುತ್ತಿದ್ದಳು. ಗಾಳಿ ಅದನ್ನು ತಲುಪಬೇಕಾದವರಿಗಷ್ಟೇ ತಲುಪಿಸುತ್ತಿತ್ತು. ಫೋನಿನ ಅಂಗೈಯಗಲದ ಬೆಳಕಿನಲ್ಲಿ ಒಂದೊಂದೇ ಹೆಸರಿನ ಮುಂದೆ ಓದಿದ ಗುರುತು ಮೂಡುವುದನ್ನು ಸೊಸೆ ಎಣಿಸುತ್ತ ನೋಡಿದಳು. ಒಂದು. ಎರಡು. ಮೂರು. ಎಂದೂ ಕಾಣದ ಮೂವರು, ಎಲ್ಲೆಲ್ಲೋ ಇದ್ದವರು, ಈಗ ತನ್ನ ಮಗುವಿನ ಬಗ್ಗೆಯೇ ಯೋಚಿಸುತ್ತಿದ್ದಾರೆ.

ಉತ್ತರ ಬಂತು. ಫಿಟ್ಸ್ ತಡೆಯುವ ಇಂಜೆಕ್ಷನ್ ಈಗಲೇ ಕೊಡಿ. ಇಷ್ಟು ಪ್ರಮಾಣ. ಆಂಬುಲೆನ್ಸ್ ಹೊರಟಿದೆ.

ಆಸ್ಪತ್ರೆಯ ಬಾಗಿಲಲ್ಲೇ ಹೆರಿಗೆ ಡಾಕ್ಟರು ನಿಂತಿದ್ದರು. "ಬಾಮ್ಮ, ನಿನಗೇ ಕಾಯ್ತಾ ಇದ್ವಿ." ಹಾಸಿಗೆ ಸಿದ್ಧವಿತ್ತು. ಹಳೆಯ ಕಥೆಯನ್ನು ಮತ್ತೆ ಹೇಳು ಎಂದು ಯಾರೂ ಅನ್ನಲಿಲ್ಲ. ಹಿಂದೆಯೇ ಓಡಿಬಂದ ಅತ್ತೆಯ ಎದುರು ಯಾರೂ ಅದರ ಸುಳಿವು ಕೊಡಲಿಲ್ಲ. ಸಂಜೆ ಹುಟ್ಟಿದ ಹೆಣ್ಣುಮಗು ಅಂಗೈ ಮೇಲೆ ಕೂರುವಷ್ಟು ಪುಟ್ಟದು. ಅಳು ಮಾತ್ರ ವಾರ್ಡಿಗೆಲ್ಲ ಕೇಳಿಸಿತು.

"ಥೇಟ್ ನನ್ನ ಗಂಟಲು," ಎಂದರು ಅತ್ತೆ.

ಮೂರನೇ ದಿನ ಸೊಸೆ ಗಂಡನಿಗೂ ಅತ್ತೆಗೂ ತಾನೇ ಎಲ್ಲ ಹೇಳಿದಳು. ಗಂಡ ಅವಳ ಕೈ ಹಿಡಿದು ಕುಳಿತ.

"ಮೊದಲೇ ಹೇಳಬಾರದಿತ್ತೇನೇ?" ಎಂದರು ಅತ್ತೆ.

"ಹೇಳಿದ್ರೆ?"

ಅತ್ತೆ ಮಗುವಿನ ಹೊದಿಕೆ ಸರಿಮಾಡಿದರು. "ಬೀದಿಗೆಲ್ಲ ಗೊತ್ತಾಗಿರೋದು," ಎಂದರು ಮೆಲ್ಲಗೆ. "ನನ್ನಿಂದಲೇ."

ಮನೆಗೆ ಬಂದ ದಿನ ಬಾಗಿಲಲ್ಲಿ ಬೀದಿಯೇ ನೆರೆದಿತ್ತು. ಏನಾಗಿತ್ತಂತೆ, ಯಾಕೆ ಇಷ್ಟು ಬೇಗ ಹೆರಿಗೆ, ಡಾಕ್ಟರು ಏನಂದರು?

"ಅವಳನ್ನೇ ಕೇಳಿ," ಎಂದು ರೇಡಿಯೋ ಅತ್ತೆ ಮೊಮ್ಮಗಳನ್ನೆತ್ತಿಕೊಂಡು ಒಳಗೆ ಹೋದರು. ಟೈಲರನ ಹೆಂಡತಿ ಮಾತ್ರ ಅವರ ಹಿಂದೆಯೇ ಒಳಗೆ ಬಂದಳು. ಅತ್ತೆ ಅವಳ ಕೈಗೆ ಮಗುವನ್ನು ಕೊಟ್ಟರು.

ಇದನ್ನು ಓದುತ್ತಿರುವ ಅಕ್ಕ, ತಂಗಿ, ನೀವು ಬಸುರಿಯಾಗಿದ್ದು ತಲೆ ಸಿಡಿಯುತ್ತಿದ್ದರೆ, ಮುಖ ಊದಿದ್ದರೆ, ಕಣ್ಣ ಮುಂದೆ ಚುಕ್ಕೆ ಹಾರುತ್ತಿದ್ದರೆ ಆ ಕ್ಷಣವೇ ನರ್ಸಿಗೆ ಹೇಳಿ. ಹಿಂದಿನ ಬಸಿರಿನ ನೋವನ್ನೂ ಮುಚ್ಚಿಡಬೇಡಿ. ನಿಮ್ಮ ವಿಷಯ ಯಾವ ಆ್ಯಪಿನಲ್ಲಿ, ಯಾರ್ಯಾರಿಗೆ ಹೋಗುತ್ತದೆ ಎಂದು ಧೈರ್ಯವಾಗಿ ಕೇಳಿ. ಅದು ನಿಮ್ಮ ಹಕ್ಕು. ಬೇರೊಬ್ಬಳ ರಿಪೋರ್ಟು ನಿಮ್ಮ ಫೋನಿಗೆ ಬಂದರೆ ಮುಂದೆ ಕಳಿಸಬೇಡಿ, ಅಲ್ಲೇ ಅಳಿಸಿ. ನಿಮ್ಮ ಬಾಯಿಗೆ ಹೆದರಿ ಯಾವ ಮನೆಯ ಹೆಣ್ಣೂ ತನ್ನ ನೋವನ್ನು ನುಂಗದಿರಲಿ.